ಕರೆಂಟ್ ಹೋದರೆ ತೂಕದ ಫೈಲಿನ ಕೊನೆಯ ಗಾಡಿಗಳು ಮಾಯ. ಎಫ್‌ಪ್ರಿಂಟ್‌ಎಫ್ ಬಿಟ್ಟು ರೈಟ್ ಹಾಕಬೇಕಾ?

ಕಬ್ಬಿನ_ಗಾಡಿ
ಎಲ್ಲರಿಗೂ ನಮಸ್ಕಾರ. ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ವೇ ಬ್ರಿಜ್ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ತೂಕದ ಯಂತ್ರದಿಂದ ಸೀರಿಯಲ್ ಕೇಬಲ್ ಒಂದು ಪುಟ್ಟ ಲಿನಕ್ಸ್ ಬೋರ್ಡಿಗೆ ಬರುತ್ತದೆ. ಅದರಲ್ಲಿ ಒಂದು ಸಿ ಪ್ರೋಗ್ರಾಂ ಓಡುತ್ತದೆ. ಗಾಡಿ ನಂಬರ್, ರೈತರ ಕೋಡ್, ಊರು, ತುಂಬಿದ ತೂಕ, ಖಾಲಿ ತೂಕ, ಹೊತ್ತು, ಎಲ್ಲ ಸೇರಿ ಗಾಡಿಗೊಂದು ಸಾಲು ಫೈಲಿಗೆ ಬೀಳುತ್ತದೆ. ದಿನಕ್ಕೊಂದು ಫೈಲ್. ಪ್ರೋಗ್ರಾಂ ಬರೆದವರು ಬಿಟ್ಟು ಹೋಗಿ ಬಹಳ ವರ್ಷ ಆಯಿತು. ಈಗ ಅದರ ಉಸಾಬರಿ ನನ್ನ ತಲೆಗೆ.

ಮೊನ್ನೆ ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತು. ಮತ್ತೆ ಚಾಲೂ ಮಾಡಿ ನೋಡಿದರೆ ಕೊನೆಯ ಅರ್ಧ ಮುಕ್ಕಾಲು ತಾಸಿನ ಗಾಡಿಗಳೇ ಫೈಲಿನಲ್ಲಿ ಇಲ್ಲ. ಖಾಲಿ ತೂಕವೂ ಆದ ಮೇಲೆ ಸಾಲು ಬೀಳುವುದು, ಅಷ್ಟೊತ್ತಿಗೆ ಟ್ರ್ಯಾಕ್ಟರ್ ಊರ ದಾರಿ ಹಿಡಿದಿರುತ್ತದೆ. ಕಬ್ಬು ಆಗಲೇ ಗಾಣಕ್ಕೆ ಹೋಗಿದೆ. ಮತ್ತೆ ತೂಗುವುದು ಹೇಗೆ? ಡ್ರೈವರ್‌ಗಳ ಕೈಯಲ್ಲಿದ್ದ ಚೀಟಿ ನೋಡಿ ಗುಮಾಸ್ತರು ಕೈಯಲ್ಲೇ ತುಂಬಿದರು. ಚೀಟಿ ಕಳೆದುಕೊಂಡವರ ಜೊತೆ ಗೇಟಿನಲ್ಲಿ ದೊಡ್ಡ ಜಗಳ.

ಕೋಡ್ ಬಿಚ್ಚಿ ನೋಡಿದೆ. ಬೆಳಿಗ್ಗೆ ಫೈಲ್ ತೆರೆಯಲು ಎಫ್‌ಓಪನ್, ಮೋಡ್ "ಎ" (ಇದ್ದದ್ದರ ತುದಿಗೆ ಸೇರಿಸು ಅಂತ). ಪ್ರತಿ ಗಾಡಿಯ ಸಾಲು ಬರೆಯಲು ಎಫ್‌ಪ್ರಿಂಟ್‌ಎಫ್. ರಾತ್ರಿ ಮುಚ್ಚಲು ಎಫ್‌ಕ್ಲೋಸ್. ಇಷ್ಟೇ. ಗೆಳೆಯರೊಬ್ಬರು "ಇದನ್ನೆಲ್ಲ ಕಿತ್ತು ಹಾಕು, ಓಪನ್ ಮತ್ತು ರೈಟ್ ಬಳಸು, ನೇರವಾಗಿ ಡಿಸ್ಕಿಗೆ ಹೋಗುತ್ತದೆ" ಅನ್ನುತ್ತಾರೆ. ಸರಿಯಾ?

ಟರ್ಬೊ_ಕಾಕಾ
ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿ. ಮುಗೀತು ಚರ್ಚೆ.

ಗುಮ್ಮಟ_64
ಕಾಕಾ, ಬ್ಯಾಟರಿ ಹಾಕಲೇಬೇಕು, ಅದು ಬೇರೆ ಮಾತು. ನಾಳೆ ಪ್ರೋಗ್ರಾಮೇ ಬಿದ್ದರೆ ಬ್ಯಾಟರಿ ಏನು ಮಾಡುತ್ತದೆ?

ಕಬ್ಬಿನ ಗಾಡಿಯವರೇ, ಅವತ್ತಿನ ಫೈಲ್ ಇನ್ನೂ ಹಾಗೇ ಇದೆಯಾ? ಸೈಜ್ ಎಷ್ಟು ಹೇಳಿ. ಬೈಟ್ ಲೆಕ್ಕದಲ್ಲಿ, ಕೆಬಿ ಬೇಡ.

ಕಬ್ಬಿನ_ಗಾಡಿ
ಕಾಪಿ ತೆಗೆದಿಟ್ಟಿದ್ದೇನೆ. 40,960. ಕೊನೆಯ ಸಾಲು ಊರಿನ ಹೆಸರಿನ ನಡುವೆಯೇ ತುಂಡಾಗಿದೆ.

ಗುಮ್ಮಟ_64
ಸಿಕ್ಕಿತು ನೋಡಿ. 4096ರ ಹತ್ತು ಪಟ್ಟು. ಸಾಲುಗಳ ಉದ್ದ ಬೇರೆ ಬೇರೆ ಇರುವ ಫೈಲ್ ಇಷ್ಟು ಲೆಕ್ಕಕ್ಕೆ ಸರಿಯಾಗಿ ಮುಗಿಯುವುದು ಸುಮ್ನೆ ಅಲ್ಲ.

ಎಫ್‌ಪ್ರಿಂಟ್‌ಎಫ್ ಫೈಲಿಗೆ ಬರೆಯಲ್ಲ. ನಿಮ್ಮ ಪ್ರೋಗ್ರಾಮಿನ ಮೆಮೊರಿಯಲ್ಲೇ ಇರುವ ಒಂದು ಬಫರಿಗೆ ಬರೆಯುತ್ತದೆ. ನಮ್ಮ ಕಡೆಯ ಟಂಟಂ ಇದ್ದ ಹಾಗೆ, ಸೀಟು ತುಂಬುವ ತನಕ ಹೊರಡಲ್ಲ. ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) ಈ ಬಫರಿನ ಅಳತೆಯನ್ನು ಫೈಲ್‌ಸಿಸ್ಟಂ ಹೇಳುವ ಬ್ಲಾಕ್ ಸೈಜ್ ನೋಡಿ ಇಟ್ಟುಕೊಳ್ಳುತ್ತದೆ. ಮಾಮೂಲಿ ಫೈಲಿಗೆ ಸಾಮಾನ್ಯವಾಗಿ 4096 ಬೈಟ್. ಅದು ತುಂಬಿದಾಗ ಲೈಬ್ರರಿಯೇ ಒಳಗಿನಿಂದ ರೈಟ್ ಕರೆದು ಕರ್ನಲಿಗೆ (ಲಿನಕ್ಸಿನ ತಿರುಳಿಗೆ) ಕೊಡುತ್ತದೆ. ನಿಮ್ಮ ಸಾಲು 90 ಬೈಟ್ ಅಂದುಕೊಂಡರೆ ಸುಮಾರು 45 ಗಾಡಿಗೆ ಒಂದು ರೈಟ್. ಅಷ್ಟರೊಳಗೆ ಕರೆಂಟ್ ಹೋದರೆ ಆ ಗಾಡಿಗಳ ವಿಷಯ ಡಿಸ್ಕ್ ಹಾಗಿರಲಿ, ಕರ್ನಲಿಗೂ ಗೊತ್ತಿಲ್ಲ.

ಅನುಮಾನ ಇದ್ದರೆ ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲಿಗೆ ಏನೇನು ಕೇಳುತ್ತದೆ ಅಂತ ತೋರಿಸುವ ಸಾಧನ) ಹಾಕಿ ಕೂತು ನೋಡಿ. ಗಾಡಿ ಮೇಲೆ ಗಾಡಿ ತೂಗುತ್ತಿದ್ದರೂ ಆ ಫೈಲಿಗೆ ಒಂದೂ ರೈಟ್ ಕಾಣಲ್ಲ. ಆಮೇಲೆ ದಿಢೀರ್ ಅಂತ ಒಂದು ಸಾಲು, ಅದರ ತುದಿಗೆ = 4096.

ಮಚ್ಛೆ_ಬಸ್_ಸ್ಟಾಪ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಪ್ರಿಂಟ್‌ಎಫ್ ಮಾಡಿದ್ದು ಸ್ಕ್ರೀನ್ ಮೇಲೆ ತಕ್ಷಣ ಕಾಣುತ್ತದಲ್ಲ ಸರ್? ಅಲ್ಲಿ ಬಫರ್ ಇಲ್ವಾ?

ಗುಮ್ಮಟ_64
ಇದೆ. ಟರ್ಮಿನಲ್ ಆದರೆ ಸಾಲು ಮುಗಿದಾಗ ಖಾಲಿ ಮಾಡುತ್ತದೆ. ಫೈಲ್ ಅಥವಾ ಪೈಪ್ ಆದರೆ ತುಂಬಿದಾಗ ಮಾತ್ರ. ದೋಷದ ಸಂದೇಶ ಹೋಗುವ ಎಸ್‌ಟಿಡಿಎರ್‌ಗೆ ಬಫರೇ ಇಲ್ಲ. ಅದೇ ಪ್ರೋಗ್ರಾಮಿನ ಔಟ್‌ಪುಟ್ ಫೈಲಿಗೆ ತಿರುಗಿಸಿ ನೋಡು, ಗೊತ್ತಾಗುತ್ತದೆ.

ಮಚ್ಛೆ_ಬಸ್_ಸ್ಟಾಪ್
ಓಹೋ, ಅದಕ್ಕೇನಾ! ಫೋರ್ಕ್ ಪ್ರೋಗ್ರಾಮಿನಲ್ಲಿ ಫೋರ್ಕಿಗೂ ಮೊದಲು "ಶುರು" ಅಂತ ಒಂದೇ ಸಲ ಪ್ರಿಂಟ್ ಮಾಡಿದ್ದೆ. ಸ್ಕ್ರೀನಿನಲ್ಲಿ ಒಂದು ಸಲ, ಫೈಲಿಗೆ ತಿರುಗಿಸಿದರೆ ಎರಡು ಸಲ. ಲ್ಯಾಬಿನಲ್ಲಿ ಎಲ್ಲರೂ ಕಂಪೈಲರ್ ಕೆಟ್ಟಿದೆ ಅಂದರು.

ಗೋಕಾಕ_ಕರದಂಟು
ಕಂಪೈಲರಿಗೆ ಬೈಯುವುದು ಲ್ಯಾಬಿನ ಹಳೇ ಸಂಪ್ರದಾಯ. 😄

ಫೋರ್ಕ್ ಅಂದರೆ ಓಡುತ್ತಿರುವ ಪ್ರೋಗ್ರಾಮಿನ ನಕಲು, ಇಡೀ ಮೆಮೊರಿ ಸಮೇತ. ಬಫರಿನಲ್ಲಿ ಕೂತಿದ್ದ "ಶುರು" ಕೂಡ ನಕಲಾಯಿತು. ಆಮೇಲೆ ತಾಯಿ ಪ್ರೋಸೆಸ್ ತನ್ನ ಬಫರ್ ಖಾಲಿ ಮಾಡಿತು, ಮಗು ತನ್ನದು ಖಾಲಿ ಮಾಡಿತು. ಫೋರ್ಕ್ ಮಾಡುವ ಮೊದಲು ಎಫ್‌ಫ್ಲಶ್ ಹಾಕಿ ಬಫರ್ ಖಾಲಿ ಮಾಡು, ಮಗುವಿನಲ್ಲಿ ಎಕ್ಸಿಟ್ ಬದಲು ಮುಂದೆ ಅಂಡರ್‌ಸ್ಕೋರ್ ಇರುವ ಎಕ್ಸಿಟ್ ಬಳಸು, ಅದು ಬಫರ್ ಮುಟ್ಟಲ್ಲ. ವೈವಾದಲ್ಲಿ ಕೇಳಿದರೆ ಹೇಳು, ಪೂರ್ತಿ ಮಾರ್ಕ್ಸ್.

ಟರ್ಬೊ_ಕಾಕಾ
ಇಷ್ಟೆಲ್ಲ ಪುರಾಣ ಯಾಕ್ರಿ? ಅವರ ಗೆಳೆಯ ಹೇಳಿದ್ದು ಸರಿ ಇದೆ. ಎಫ್‌ಓಪನ್ ತೆಗೆದು ಓಪನ್ ಹಾಕಿ, ಎಫ್‌ಪ್ರಿಂಟ್‌ಎಫ್ ತೆಗೆದು ರೈಟ್ ಹಾಕಿ. ಬಫರ್ ಇಲ್ಲ, ನೇರ ಡಿಸ್ಕ್. ಸಿ ಭಾಷೆ ಇದಕ್ಕೇ ಇರೋದು.

ಇಳಕಲ್_ಸೆರಗು
ಇಲ್ಲ ಕಾಕಾ. ಎರಡು ಮಾತು.

ಮೊದಲನೆಯದು, ಓಪನ್, ರೀಡ್, ರೈಟ್ ಸಿ ಭಾಷೆಯ ಸ್ಟ್ಯಾಂಡರ್ಡಿನಲ್ಲಿ ಇಲ್ಲವೇ ಇಲ್ಲ. 1989ರ ಆನ್ಸಿ ಸಿ ಕೊಟ್ಟಿದ್ದು ಎಫ್‌ಓಪನ್ ಬಳಗ ಮಾತ್ರ. ರೀಡ್, ರೈಟ್ ಬಂದಿದ್ದು ಯೂನಿಕ್ಸಿನಿಂದ. 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಇವೆ. ಅವನ್ನು ಎಲ್ಲ ಯೂನಿಕ್ಸ್‌ಗೂ ಒಂದೇ ರೀತಿ ಕಟ್ಟಿಟ್ಟಿದ್ದು 1988ರ ಪೋಸಿಕ್ಸ್ ಸ್ಟ್ಯಾಂಡರ್ಡ್.

ಎರಡನೆಯದು, ಇದು ದೊಡ್ಡದು. ರೈಟ್ ಮಾಡಿದರೂ ಡಿಸ್ಕಿಗೆ ಹೋಗಲ್ಲ. ಮೆಮೊರಿಯಲ್ಲೇ ಇರುವ ಕರ್ನಲಿನ ಪೇಜ್ ಕ್ಯಾಶಿಗೆ ಹೋಗುತ್ತದೆ. ಕರ್ನಲ್ "ತಗೊಂಡೆ" ಅನ್ನುತ್ತದೆ, ರೈಟ್ ವಾಪಸ್ ಬರುತ್ತದೆ. ಡಿಸ್ಕಿಗೆ ಇಳಿಸುವುದು ಅದಕ್ಕೆ ಪುರುಸೊತ್ತಾದಾಗ. ಲಿನಕ್ಸಿನ ಮಾಮೂಲಿ ಸೆಟ್ಟಿಂಗಿನಲ್ಲಿ ಬರೆಯುವ ಥ್ರೆಡ್ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಪೇಜುಗಳನ್ನು ಡಿಸ್ಕಿಗೆ ತಳ್ಳುತ್ತದೆ. ಪ್ರೋಗ್ರಾಂ ಸತ್ತರೆ ತೊಂದರೆ ಇಲ್ಲ, ಡೇಟಾ ಕರ್ನಲಿನ ಹತ್ತಿರ ಇದೆ. ಕರೆಂಟ್ ಹೋದರೆ ಆ ಅರ್ಧ ನಿಮಿಷದ ಗಾಡಿ ಹೋದಂತೆಯೇ.

ಟರ್ಬೊ_ಕಾಕಾ
ಅರ್ಧ ನಿಮಿಷದಲ್ಲಿ ಎಷ್ಟು ಗಾಡಿ ಬರುತ್ತವೆ? ಒಂದು. 45 ಗಾಡಿ ಹೋಗುವುದಕ್ಕಿಂತ ವಾಸಿ ಅಲ್ವಾ?

ಇಳಕಲ್_ಸೆರಗು
ಆ ಒಂದು ಗಾಡಿ ನಿಮ್ಮ ಹೊಲದ ಕಬ್ಬಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ ನೀವು.

ಟರ್ಬೊ_ಕಾಕಾ
ಹೊಲಕ್ಕೆ ಬಂದ್ರಲ್ಲ! ಸರಿ, ಉಪಾಯ ಹೇಳಿ ಹಾಗಾದರೆ.

ಇಳಕಲ್_ಸೆರಗು
ಎಫ್‌ಸಿಂಕ್. ಪ್ರತಿ ಗಾಡಿಯ ಸಾಲು ಬರೆದ ಮೇಲೆ ಒಂದು ಎಫ್‌ಸಿಂಕ್. ಅದು ಡಿಸ್ಕ್ "ಬರೆದೆ" ಅನ್ನುವ ತನಕ ವಾಪಸ್ ಬರಲ್ಲ. ಚೀಟಿ ಪ್ರಿಂಟ್ ಆಗುವುದು ಎಫ್‌ಸಿಂಕ್ ಸೊನ್ನೆ ಕೊಟ್ಟ ಮೇಲೆ. ಈ ಕ್ರಮ ಮುಖ್ಯ. ಡ್ರೈವರ್ ಕೈಗೆ ಚೀಟಿ ಬಂತು ಅಂದರೆ ಫೈಲಿನಲ್ಲಿ ಸಾಲು ಇರಲೇಬೇಕು.

ಇದಕ್ಕೆ ಎಫ್‌ಓಪನ್ ಕಿತ್ತು ಹಾಕಬೇಕಾಗಿಯೂ ಇಲ್ಲ. ಎಫ್‌ಪ್ರಿಂಟ್‌ಎಫ್, ಆಮೇಲೆ ಎಫ್‌ಫ್ಲಶ್, ಆಮೇಲೆ ಎಫ್‌ಸಿಂಕ್. ಅದಕ್ಕೆ ಕೊಡಬೇಕಾದ್ದು ಫೈಲ್‌ನೋ ಹೇಳುವ ನಂಬರ್, ಕರ್ನಲ್ ತೆರೆದ ಫೈಲನ್ನು ಗುರುತಿಸುವುದು ಅದರಿಂದಲೇ. ಎಫ್‌ಫ್ಲಶ್ ಲೈಬ್ರರಿಯ ಬಫರಿನಿಂದ ಕರ್ನಲಿಗೆ ತರುತ್ತದೆ, ಎಫ್‌ಸಿಂಕ್ ಕರ್ನಲಿನಿಂದ ಡಿಸ್ಕಿಗೆ. ಎಷ್ಟೋ ಜನ ಎರಡರಲ್ಲಿ ಒಂದನ್ನು ಹಾಕಿ ಮಲಗುತ್ತಾರೆ. ಎಫ್‌ಫ್ಲಶ್ ಬಿಟ್ಟು ಬರೀ ಎಫ್‌ಸಿಂಕ್ ಹಾಕಿದರೆ ಖಾಲಿ ಕೈಯಲ್ಲಿ ಡಿಸ್ಕಿಗೆ ಹೋಗಿ ಬಂದ ಹಾಗೆ ಆಗುತ್ತದೆ.

ಕೃಷ್ಣಾ_ತೀರ
ಗಾಡಿಗೊಂದು ಎಫ್‌ಸಿಂಕ್ ಹಾಕಿದರೆ ಎಸ್‌ಡಿ ಕಾರ್ಡ್ ಸವೆದು ಹೋಗುತ್ತದೆ. ಫ್ಲ್ಯಾಶ್ ಮೆಮೊರಿಗೆ ಬರೆಯುವ ಮಿತಿ ಇರುತ್ತದೆ. 90 ಬೈಟ್ ಬರೆದರೂ ಒಳಗೆ ದೊಡ್ಡ ಬ್ಲಾಕನ್ನೇ ಅಳಿಸಿ ಬರೆಯಬೇಕಾಗಬಹುದು.

ಗೋಕಾಕ_ಕರದಂಟು
ನಿಮಿಷಕ್ಕೊಂದು ಗಾಡಿ ಬಂದರೆ ನಿಮಿಷಕ್ಕೊಂದು ಎಫ್‌ಸಿಂಕ್. ಅದೇ ಬೋರ್ಡಿನ ಸಿಸ್ಟಂ ಲಾಗ್ ಇದಕ್ಕಿಂತ ಜಾಸ್ತಿ ಬರೆಯುತ್ತಿರುತ್ತದೆ. ಅದರ ಬಗ್ಗೆ ಯಾರಿಗೂ ಚಿಂತೆ ಇಲ್ಲ! ಸೆಕೆಂಡಿಗೆ ಸಾವಿರ ಸಾಲು ಬರೆಯುವವರು ಲೆಕ್ಕ ಹಾಕಲಿ. ತೂಕದ ಫೈಲಿಗೆ ಕಂಜೂಸಿ ಬೇಡ.

ಬೇಕಾದರೆ ಎಫ್‌ಡೇಟಾಸಿಂಕ್ ಬಳಸಿ. ಫೈಲ್ ತಿದ್ದಿದ ಹೊತ್ತಿನಂಥ ಸಣ್ಣ ವಿವರ ಬಿಟ್ಟು, ಡೇಟಾ ಮತ್ತು ಅದನ್ನು ಮತ್ತೆ ಓದಲು ಬೇಕಾದ ಸೈಜ್ ಇಷ್ಟನ್ನು ಬರೆಯುತ್ತದೆ.

ಕುಂದಾ_ಇನ್ನೊಂದು_ಚಮಚ
ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸಿ ಮಾರಾಯರೇ. ಇದನ್ನೆಲ್ಲ ಅವರು ಆಗಲೇ ಮಾಡಿಟ್ಟಿದ್ದಾರೆ. ಒಂದು ಫೈಲ್, ಒಂದು ಟೇಬಲ್, ಕರೆಂಟ್ ಹೋದರೂ ಟ್ರಾನ್ಸಾಕ್ಷನ್ ಉಳಿಯುತ್ತದೆ.

ಕಬ್ಬಿನ_ಗಾಡಿ
ಹೆಡ್ ಆಫೀಸಿನವರು ರಾತ್ರಿ ಈ ಟೆಕ್ಸ್ಟ್ ಫೈಲನ್ನೇ ಎಳೆದುಕೊಂಡು ಬಿಲ್ ಮಾಡುತ್ತಾರೆ. ಫಾರ್ಮ್ಯಾಟ್ ಮುಟ್ಟುವ ಹಾಗಿಲ್ಲ. ಸೀಸನ್ ಮುಗಿದ ಮೇಲೆ ನೋಡಬಹುದು, ಈಗಂತೂ ಗೇಟಿನ ಹೊರಗೆ ಗಾಡಿಗಳ ಸಾಲು ರೋಡಿನ ತನಕ ಇದೆ.

ಗುಮ್ಮಟ_64
ಎಸ್‌ಕ್ಯೂಲೈಟ್ ಒಳ್ಳೆಯದೇ. ಆದರೆ ಅದೂ ಒಳಗೆ ಎಫ್‌ಸಿಂಕನ್ನೇ ನಂಬಿದೆ. ಎಫ್‌ಸಿಂಕ್ ಕೊಟ್ಟ ಉತ್ತರ ನೋಡುವುದು ಯಾರಿಗೂ ತಪ್ಪಿದ್ದಲ್ಲ.

ಉತ್ತರ -1 ಬಂದರೆ "ಮತ್ತೊಮ್ಮೆ ಮಾಡೋಣ" ಅನ್ನುವ ಹಾಗಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬಳಗದಲ್ಲಿ ಇದೇ ದೊಡ್ಡ ರಗಳೆ ಆಗಿತ್ತು. ಡಿಸ್ಕಿನ ದೋಷದಿಂದ ಎಫ್‌ಸಿಂಕ್ ಸೋತರೆ ಲಿನಕ್ಸ್ ಆ ಪೇಜುಗಳನ್ನು "ಬರೆದಾಯಿತು" ಅನ್ನುವ ಲೆಕ್ಕಕ್ಕೆ ಹಾಕಿಬಿಡುತ್ತಿತ್ತು. ಎರಡನೇ ಸಲ ಕರೆದರೆ ಎಫ್‌ಸಿಂಕ್ ಸೊನ್ನೆ ಕೊಡುತ್ತಿತ್ತು, ಅಂದರೆ ಎಲ್ಲ ಸರಿ. ಡೇಟಾ ಮಾತ್ರ ಡಿಸ್ಕಿನಲ್ಲಿ ಇಲ್ಲ! ಕೊನೆಗೆ ಅವರು ಏನು ಮಾಡಿದರು ಗೊತ್ತಾ? ಎಫ್‌ಸಿಂಕ್ ಸೋತರೆ ಇಡೀ ಡೇಟಾಬೇಸ್ ಸರ್ವರನ್ನೇ ಬೀಳಿಸಿ, ಲಾಗಿನಿಂದ ಮತ್ತೆ ಎಬ್ಬಿಸುವ ಹಾಗೆ ಬದಲಿಸಿದರು.

ನಿಮಗೆ ಅಷ್ಟೆಲ್ಲ ಬೇಡ. ಎಫ್‌ಸಿಂಕ್ -1 ಕೊಟ್ಟರೆ ಕೆಂಪು ಅಕ್ಷರದಲ್ಲಿ ಸ್ಕ್ರೀನಿಗೆ ಹಾಕಿ, ಚೀಟಿ ಪ್ರಿಂಟ್ ಮಾಡಬೇಡಿ, ಗುಮಾಸ್ತರು ವಹಿಯಲ್ಲಿ ಬರೆದುಕೊಳ್ಳಲಿ.

ಸಪ್ತಾಪುರ_ಅಲ್ಲ_ಶಹಾಪುರ
ಬೆಳಗಾವಿಯಲ್ಲಿ ಕುಂದಾ ಈಗ ಎಲ್ಲಿ ಚೆನ್ನಾಗಿ ಸಿಗುತ್ತದೆ? ಮೇಲಿನ ಐಡಿ ನೋಡಿ ನೆನಪಾಯಿತು.

ಕುಂದಾ_ಇನ್ನೊಂದು_ಚಮಚ
ಇಲ್ಲಿ ಬೇಡ, ಗೋಕಾಕದವರು ಕರದಂಟು ತಂದು ಜಗಳ ತೆಗೆಯುತ್ತಾರೆ.

ಗೋಕಾಕ_ಕರದಂಟು
ಜಗಳ ಯಾಕೆ, ಗೆದ್ದಾಗಿದೆ.

ಟರ್ಬೊ_ಕಾಕಾ
ಅಮೀನಗಡದ ಕರದಂಟು ತಿಂದು ಆಮೇಲೆ ಗೆದ್ದ ಮಾತಾಡಿ.

ವಿಷಯಕ್ಕೆ ಬರುತ್ತೇನೆ. ನಾನು ಟರ್ಬೊ ಸಿ ಕಾಲದವನು, ಡಾಸ್ ಮೇಲೆ ಬರೆದವನು. ಅಲ್ಲೂ ಓಪನ್, ರೀಡ್, ರೈಟ್ ಇದ್ದವು. ಅಲ್ಲಿನ ಗೋಳೇ ಬೇರೆ. ಒಂದು ಸಹಕಾರಿ ಸಂಘದ ಪ್ರೋಗ್ರಾಂ ರಿಪೇರಿಗೆ ಬಂದಿತ್ತು. ಚೀಲದ ಎಣಿಕೆಯನ್ನು ಒಂದು ಬೈಟಿನಲ್ಲಿ ಇಡುತ್ತಿದ್ದರು. ಯಾವ ರೈತರದು 26 ಚೀಲ ಇದೆಯೋ ಅಲ್ಲಿಗೇ ಓದುವುದು ನಿಲ್ಲುತ್ತಿತ್ತು. ಮುಂದಿನ ರೈತರೆಲ್ಲ ಗಾಯಬ್! ಯಾಕೆ ಹೇಳಿ ನೋಡೋಣ?

ಮಚ್ಛೆ_ಬಸ್_ಸ್ಟಾಪ್
26 ಅಂದರೆ ಹೆಕ್ಸಿನಲ್ಲಿ 1ಎ... ಕಂಟ್ರೋಲ್ ಝಡ್?

ಟರ್ಬೊ_ಕಾಕಾ
ಭೇಷ್ ತಂಗಿ. ಟೆಕ್ಸ್ಟ್ ಮೋಡಿನಲ್ಲಿ ತೆರೆದರೆ ಡಾಸಿಗೆ ಕಂಟ್ರೋಲ್ ಝಡ್ ಅಂದರೆ ಫೈಲ್ ಮುಗಿಯಿತು ಅಂತ ಅರ್ಥ. 10 ಚೀಲ ಇದ್ದರೆ ಇನ್ನೊಂದು ತಮಾಷೆ. 10 ಅಂದರೆ ಹೊಸ ಸಾಲು, ಬರೆಯುವಾಗ ಅದರ ಮುಂದೆ ತಾನೇ ಒಂದು 13 ಸೇರಿಸುತ್ತದೆ. ಲೈಬ್ರರಿಯವರ ಉಪಕಾರ! ಅಲ್ಲಿಂದ ಮುಂದೆ ರೆಕಾರ್ಡೆಲ್ಲ ಒಂದು ಬೈಟ್ ಸರಿದು ಕೂರುತ್ತವೆ. ಓ_ಬೈನರಿ ಅಂತ ಒಂದು ಫ್ಲ್ಯಾಗ್ ಸೇರಿಸಿದ ಮೇಲೆ ಸರಿಹೋಯಿತು. ಈಗಿನ ವಿಂಡೋಸಿನಲ್ಲೂ ಈ ಟೆಕ್ಸ್ಟ್ ಮೋಡ್ ಇದೆ, ಲಿನಕ್ಸಿನಲ್ಲಿ ಇಲ್ಲ.

ಕಬ್ಬಿನ_ಗಾಡಿ
ನನ್ನ ಹತ್ತಿರ ಇನ್ನೊಂದು ಸಮಸ್ಯೆ ಇದೆ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ. ಸೀರಿಯಲ್ ಪೋರ್ಟಿನಿಂದ ರೀಡ್ ಮಾಡಿದಾಗ ಒಮ್ಮೊಮ್ಮೆ 24560 ಬರಬೇಕಾದ್ದು 245 ಅಂತ ಬರುತ್ತದೆ. ಮರುಕ್ಷಣ 60. ಬಫರ್ 64 ಬೈಟ್ ಕೊಟ್ಟಿದ್ದಾರೆ, ಜಾಗ ಸಾಕಷ್ಟಿದೆ. ಕೇಬಲ್ ಬದಲಿಸಿದರೂ ಹಾಗೇ.

ಇಳಕಲ್_ಸೆರಗು
ಕೇಬಲ್ ಚೆನ್ನಾಗಿಯೇ ಇದೆ, ದುಡ್ಡು ಹಾಳು ಮಾಡಬೇಡಿ.

ರೀಡಿಗೆ 64 ಬೈಟ್ ಕೇಳಿದರೆ 64 ಕೊಡುತ್ತೇನೆ ಅಂತ ಅದು ಎಲ್ಲೂ ಮಾತು ಕೊಟ್ಟಿಲ್ಲ. "64ರ ತನಕ" ಅಷ್ಟೇ. 9600 ಬಾಡ್ ಅಂದರೆ ಸೆಕೆಂಡಿಗೆ 960 ಬೈಟ್, ಯಾಕೆಂದರೆ ಒಂದು ಬೈಟಿಗೆ ಶುರು ಮತ್ತು ಕೊನೆಯ ಬಿಟ್ ಸೇರಿ 10 ಬಿಟ್. ಒಂದು ಅಂಕಿ ಬರಲು ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಬೋರ್ಡಿಗೆ ಅದು ಯುಗ. ಮೂರು ಅಂಕಿ ಬಂದಾಗಲೇ ರೀಡ್ ಎದ್ದರೆ 245 ಕೊಟ್ಟು ಹೋಗುತ್ತದೆ.

ತೂಕದ ಯಂತ್ರ ಪ್ರತಿ ತೂಕದ ತುದಿಗೆ ಒಂದು ಗುರುತು ಹಾಕಿಯೇ ಇರುತ್ತದೆ. ಹೆಚ್ಚಾಗಿ 13, 10 ಅಥವಾ 3. ಮ್ಯಾನುಯಲ್ ನೋಡಿ. ರೀಡ್ ಕೊಟ್ಟಷ್ಟನ್ನು ನಿಮ್ಮದೇ ಬಫರಿಗೆ ಸೇರಿಸುತ್ತಾ ಹೋಗಿ. ಗುರುತು ಕಂಡ ಮೇಲೆ ಮಾತ್ರ ಅದನ್ನು ತೂಕ ಅಂತ ಓದಿ. ರೀಡ್ ಸೊನ್ನೆ ಕೊಟ್ಟರೆ ಏನೂ ಬಂದಿಲ್ಲ, -1 ಕೊಟ್ಟರೆ ಎರ್‌ನೋ (ದೋಷದ ಸಂಖ್ಯೆ) ನೋಡಿ.

ಬೇರೆಯವರೂ ಇದನ್ನು ಓದುತ್ತಿದ್ದರೆ, ವಿಮಿನ್‌ಗೆ (ಕನಿಷ್ಠ ಎಷ್ಟು ಬೈಟ್ ಬರುವ ತನಕ ರೀಡ್ ಕಾಯಲಿ ಅನ್ನುವ ಸೆಟ್ಟಿಂಗ್) ಐದೋ ಹತ್ತೋ ಕೊಟ್ಟು ಜಾಣರಾಗಬೇಡಿ. ಒಂದು ಬೈಟ್ ತಪ್ಪಿದರೆ ಮುಂದಿನ ತೂಕವೆಲ್ಲ ಸರಿದು ಬರುತ್ತವೆ.

ಕೃಷ್ಣಾ_ತೀರ
> ರೀಡಿಗೆ 64 ಬೈಟ್ ಕೇಳಿದರೆ 64 ಕೊಡುತ್ತೇನೆ ಅಂತ ಅದು ಎಲ್ಲೂ ಮಾತು ಕೊಟ್ಟಿಲ್ಲ

ಸೀರಿಯಲ್ಲಿಗೆ ಒಪ್ಪಿದೆ. ರೈಟಿಗೂ ಇದೇ ಭಯ ಹುಟ್ಟಿಸುತ್ತಾರೆ ಕೆಲವರು. ಮಾಮೂಲಿ ಫೈಲಿಗೆ ರೈಟ್ ಯಾವತ್ತೂ ಅರ್ಧ ಬರೆಯಲ್ಲ. ಸುತ್ತು ಹಾಕಿ ಮತ್ತೆ ಮತ್ತೆ ಬರೆಯುವ ಕೋಡ್ ಸುಮ್ನೆ ಕಸ.

ಗುಮ್ಮಟ_64
"ಯಾವತ್ತೂ" ಅನ್ನಬೇಡಿ. ಡಿಸ್ಕಿನಲ್ಲಿ ಸ್ವಲ್ಪವೇ ಜಾಗ ಇದ್ದರೆ ಅಷ್ಟು ಬರೆದು ಅಷ್ಟೇ ಸಂಖ್ಯೆ ಕೊಡುತ್ತದೆ. ಜಾಗ ಇಲ್ಲ ಅನ್ನುವ ಎರ್‌ನೋ ಸಿಗುವುದು ಉಳಿದಿದ್ದನ್ನು ಮತ್ತೆ ಬರೆಯಲು ಹೋದಾಗ. ಆ ಸುತ್ತು ಇಲ್ಲದಿದ್ದರೆ ಅರ್ಧ ಸಾಲು ಬಿಟ್ಟು ಮುಂದೆ ಹೋಗುತ್ತೀರಿ, ಯಾರಿಗೂ ಗೊತ್ತಾಗಲ್ಲ. ಲಿನಕ್ಸಿನಲ್ಲಿ ಒಂದು ರೈಟಿಗೆ 2,14,74,79,552 ಬೈಟ್ ಮೇಲ್ಮಿತಿಯೂ ಇದೆ. 64 ಬಿಟ್ ಯಂತ್ರದಲ್ಲೂ ಅಷ್ಟೇ.

ನಾಲ್ಕು ಸಾಲಿನ ಸುತ್ತು. ಬರೆದಷ್ಟು ಮುಂದೆ ಸರಿ, ಉಳಿದಷ್ಟು ಮತ್ತೆ ಬರೆ, -1 ಬಂದು ಎರ್‌ನೋ ಇಐಎನ್‌ಟಿಆರ್ (ನಡುವೆ ಸಿಗ್ನಲ್ ಬಂದು ಕರೆ ನಿಂತಿತು) ಆಗಿದ್ದರೆ ಮತ್ತೆ ಪ್ರಯತ್ನಿಸು. ಇದು ಕಸ ಅಲ್ಲ.

ಮಚ್ಛೆ_ಬಸ್_ಸ್ಟಾಪ್
ಕ್ಲೋಸ್ ಕೂಡ ಇಐಎನ್‌ಟಿಆರ್ ಕೊಡಬಹುದು ಅಂತ ಕೈಪಿಡಿಯಲ್ಲಿ, ಅಂದರೆ ಮ್ಯಾನ್ ಪೇಜಿನಲ್ಲಿದೆ. ಅದನ್ನೂ ಹೀಗೇ ಮತ್ತೆ ಕರೆಯಬೇಕಾ?

ಗುಮ್ಮಟ_64
ಬೇಡವೇ ಬೇಡ. ಲಿನಕ್ಸಿನಲ್ಲಿ ಕ್ಲೋಸ್ ದೋಷ ಕೊಟ್ಟರೂ ಆ ನಂಬರ್ ಬಿಡುಗಡೆ ಆಗಿರುತ್ತದೆ. ಅಷ್ಟರಲ್ಲಿ ಇನ್ನೊಂದು ಥ್ರೆಡ್ ಓಪನ್ ಮಾಡಿ ಅದೇ ನಂಬರ್ ಪಡೆದಿದ್ದರೆ ನೀನು ಎರಡನೇ ಸಲ ಮುಚ್ಚುವುದು ಅದರ ಫೈಲನ್ನು. ಇಂಥ ದೋಷ ಹುಡುಕುವವರ ಪಾಡು ಯಾರಿಗೂ ಬೇಡ.

ಗೋಕಾಕ_ಕರದಂಟು
ಡಿಸ್ಕ್ ತುಂಬಿದಾಗ ಪ್ರೋಗ್ರಾಂ ಏನು ಮಾಡುತ್ತದೆ ಅಂತ ನೋಡಲು ಡಿಸ್ಕ್ ತುಂಬಿಸಬೇಕಾಗಿಲ್ಲ. ಲಿನಕ್ಸಿನಲ್ಲಿ /ಡೆವ್/ಫುಲ್ ಅಂತ ಒಂದು ಫೈಲ್ ಇದೆ. ಅದಕ್ಕೆ ಏನು ಬರೆದರೂ ಜಾಗ ಇಲ್ಲ ಅನ್ನುತ್ತದೆ. ತೂಕದ ಪ್ರೋಗ್ರಾಮಿಗೆ ಆ ಹೆಸರು ಕೊಟ್ಟು ಓಡಿಸಿ. ಎಫ್‌ಪ್ರಿಂಟ್‌ಎಫ್ ನಗುನಗುತ್ತಾ "ಇಷ್ಟು ಅಕ್ಷರ ಬರೆದೆ" ಅನ್ನುತ್ತದೆ. ನಿಜ ಹೊರಬರುವುದು ಎಫ್‌ಫ್ಲಶ್ ಅಥವಾ ಎಫ್‌ಕ್ಲೋಸ್ ಮಾಡಿದಾಗ. ಅದರ ಉತ್ತರ ನೋಡುವವರು ನೂರಕ್ಕೆ ಒಬ್ಬರೂ ಇಲ್ಲ.

ಕಬ್ಬಿನ_ಗಾಡಿ
ಮಾಡಿ ನೋಡಿದೆ. ಬೆಚ್ಚಿಬಿದ್ದೆ. ಚೀಟಿಗಳು ಒಂದರ ಹಿಂದೆ ಒಂದು ಸೊಗಸಾಗಿ ಪ್ರಿಂಟ್ ಆಗುತ್ತಿವೆ, ಸ್ಕ್ರೀನಿನಲ್ಲಿ ಹಸಿರು ಬಣ್ಣದಲ್ಲಿ "ಉಳಿಸಲಾಗಿದೆ" ಅಂತ ಬರುತ್ತಿದೆ, ಉಳಿದದ್ದು ಏನೂ ಇಲ್ಲ.

ಎಫ್‌ಓಪನ್ ಬಿಟ್ಟು ಓಪನ್ ಕಡೆಗೇ ಹೋಗುತ್ತೇನೆ. ಒಂದು ಸಾಲು ಕಟ್ಟಿ ಒಂದೇ ರೈಟ್, ಆಮೇಲೆ ಎಫ್‌ಡೇಟಾಸಿಂಕ್. ಯಾವ ಪದರದಲ್ಲಿ ಏನಿದೆ ಅಂತ ನನಗೇ ಸ್ಪಷ್ಟ ಇರುತ್ತದೆ. ಓಪನ್ ಮಾಡುವಾಗ ಗಮನಿಸಬೇಕಾದ್ದು ಏನಾದರೂ ಇದೆಯಾ?

ಇಳಕಲ್_ಸೆರಗು
ಹೊಸ ಫೈಲ್ ಸೃಷ್ಟಿಸುವ ಓ_ಕ್ರಿಯೇಟ್ ಫ್ಲ್ಯಾಗ್ ಹಾಕಿದರೆ ಮೂರನೇ ಆರ್ಗ್ಯುಮೆಂಟ್ ಮರೆಯಬೇಡಿ. ಮರೆತರೆ ಅಲ್ಲಿ ಬಿದ್ದಿದ್ದ ಯಾವುದೋ ಕಸದ ಸಂಖ್ಯೆ ಪರ್ಮಿಶನ್ ಆಗುತ್ತದೆ. ಅದು 0644 ಆಗಿರಲಿ, ಮುಂದಿನ ಸೊನ್ನೆ ಸಮೇತ. ಸೊನ್ನೆ ಬಿಟ್ಟು 644 ಅಂತ ಬರೆದರೆ ಅದು ದಶಮಾನ ಸಂಖ್ಯೆ, ಆಕ್ಟಲಿನಲ್ಲಿ 1204. ಫೈಲಿನ ಮಾಲೀಕನಿಗೆ ಬರೆಯಲು ಬರುತ್ತದೆ, ಓದಲು ಬರಲ್ಲ, ಊರವರೆಲ್ಲ ಓದಬಹುದು! ನಮ್ಮ ಆಫೀಸಿನಲ್ಲಿ ಒಬ್ಬರು ಹೀಗೆ ಮಾಡಿ, ತಮ್ಮದೇ ಲಾಗ್ ತೆರೆಯಲು ಪಕ್ಕದ ಟೇಬಲಿನವರ ಲಾಗಿನ್ ಕೇಳುತ್ತಿದ್ದರು.

ಬರೆದದ್ದು ಯಾವಾಗಲೂ ತುದಿಗೇ ಹೋಗಲು ಓ_ಅಪೆಂಡ್ ಹಾಕಿ. ದಿನದ ಹೊಸ ಫೈಲ್ ಸೃಷ್ಟಿಯಾದ ಮೇಲೆ ಒಮ್ಮೆ ಆ ಡೈರೆಕ್ಟರಿಯನ್ನೂ ಓಪನ್ ಮಾಡಿ ಎಫ್‌ಸಿಂಕ್ ಮಾಡಿ. ಇಲ್ಲದಿದ್ದರೆ ಡೇಟಾ ಡಿಸ್ಕಿನಲ್ಲಿದ್ದರೂ ಫೈಲಿನ ಹೆಸರೇ ಇಲ್ಲದೆ ಹೋಗಬಹುದು.

ಮತ್ತೆ ಚಾಲೂ ಆದಾಗ ಫೈಲಿನ ಕೊನೆಯ ಬೈಟ್ ಹೊಸ ಸಾಲಿನ ಗುರುತೇ ಅಂತ ನೋಡಿ. ಅಲ್ಲದಿದ್ದರೆ ಅರ್ಧ ಸಾಲನ್ನು ಬೇರೆ ಫೈಲಿಗೆ ತೆಗೆದಿಟ್ಟು, ಎಫ್‌ಟ್ರಂಕೇಟ್ ಮಾಡಿ ಹಿಂದಿನ ಪೂರ್ತಿ ಸಾಲಿಗೆ ಕತ್ತರಿಸಿ. ಗುಮಾಸ್ತರಿಗೆ ಆ ಅರ್ಧ ಸಾಲೂ ಬೇಕಾಗಬಹುದು, ಎಸೆಯಬೇಡಿ.

ಕುಂದಾ_ಇನ್ನೊಂದು_ಚಮಚ
ರೇಟ್ ಪಟ್ಟಿ, ರೈತರ ಪಟ್ಟಿಯಂಥ ಪೂರ್ತಿ ತಿದ್ದಿ ಬರೆಯುವ ಫೈಲುಗಳಿದ್ದರೆ ಅಪೆಂಡ್ ಕೆಲಸಕ್ಕೆ ಬರಲ್ಲ. ಪಕ್ಕದಲ್ಲಿ ಹೊಸ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ರಿನೇಮ್. ನಡುವಿನ ಎಫ್‌ಸಿಂಕ್ ಬಿಟ್ಟವರು 2009ರಲ್ಲಿ ಅನುಭವಿಸಿದರು. ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಆಗ ಹೊಸದು. ಯಂತ್ರ ಹಠಾತ್ ಆಫ್ ಆದರೆ ಡೆಸ್ಕ್‌ಟಾಪಿನ ಸೆಟ್ಟಿಂಗ್ ಫೈಲುಗಳು ಸೊನ್ನೆ ಬೈಟ್ ಆಗಿ ಎದ್ದವು. ಹೆಸರು ಬದಲಾಗಿತ್ತು, ಡೇಟಾ ಇನ್ನೂ ಡಿಸ್ಕಿಗೆ ಬಂದಿರಲಿಲ್ಲ. ತಪ್ಪು ಫೈಲ್‌ಸಿಸ್ಟಮಿನದೋ ಪ್ರೋಗ್ರಾಂ ಬರೆದವರದೋ ಅಂತ ದೊಡ್ಡ ವಾದ ನಡೆಯಿತು. ಕೊನೆಗೆ ಕರ್ನಲ್ 2.6.30ರಲ್ಲಿ ಇಂಥ ರಿನೇಮ್ ಕಂಡರೆ ಡೇಟಾವನ್ನು ಬೇಗ ಇಳಿಸುವ ವ್ಯವಸ್ಥೆ ಮಾಡಿದರು.

ಟರ್ಬೊ_ಕಾಕಾ
ನನ್ನ ಮತ ಪ್ರೋಗ್ರಾಂ ಬರೆದವರ ಕಡೆ. ಇಷ್ಟೆಲ್ಲ ನೆನಪಿಟ್ಟುಕೊಳ್ಳಿ ಅಂದರೆ ಯಾರಿಗೆ ಆಗುತ್ತದೆ?

ಗುಮ್ಮಟ_64
ಕಾಕಾ, ಗುಂಡಿ ಇದೆ ಅಂತ ಮ್ಯಾನ್ ಪೇಜಿನಲ್ಲಿ ಬೋರ್ಡ್ ಹಾಕಿದ್ದಾರೆ. ಓದಲ್ಲ ನಾವು.

ಟರ್ಬೊ_ಕಾಕಾ
ಬೋರ್ಡ್ ಹಾಕುವ ಬದಲು ಗುಂಡಿ ಮುಚ್ಚಲಿ.

ಕಬ್ಬಿನ_ಗಾಡಿ
ಹೊಸ ಕೋಡ್ ಹಾಕಿ, ಗಾಡಿ ಇಲ್ಲದ ಹೊತ್ತಿನಲ್ಲಿ ಬೇಕಂತಲೇ ಪ್ಲಗ್ ಕಿತ್ತು ನೋಡಿದೆ. ಚೀಟಿ ಬಂದ ಪ್ರತಿ ಸಾಲೂ ಫೈಲಿನಲ್ಲಿದೆ. ಸೀರಿಯಲ್ ಓದುವುದನ್ನೂ ಬದಲಿಸಿದೆ, 245 ಮತ್ತೆ ಕಂಡಿಲ್ಲ.

ಈಗ ಹೊಸ ತಲೆನೋವು. ಮುದ್ದೇಬಿಹಾಳದ ಗಾಡಿ ಬಂದರೆ ಮಾತ್ರ ಊರಿನ ಕೊನೆಯಲ್ಲಿ ಪ್ರಶ್ನೆ ಚಿಹ್ನೆಯ ಚೌಕ. ಜಮಖಂಡಿ, ವಿಜಯಪುರ ಎಲ್ಲ ಸರಿ ಬರುತ್ತವೆ. ಹಳೇ ಕೋಡಿನಲ್ಲೂ ಹೀಗೇ ಇತ್ತಂತೆ, ಯಾರೂ ಹೇಳಿರಲಿಲ್ಲ.

ಗೋಕಾಕ_ಕರದಂಟು
ಊರಿನ ಜಾಗ 32 ಬೈಟ್ ಇಟ್ಟಿದ್ದಾರಾ?

ಕಬ್ಬಿನ_ಗಾಡಿ
ಹೌದು! ಹೇಗೆ ಗೊತ್ತಾಯಿತು?

ಗೋಕಾಕ_ಕರದಂಟು
ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟಾಗಿ ಬರೆಯುವ ಪದ್ಧತಿ) ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಮ, ಉಕಾರದ ಕೊಂಬು, ದ, ಹಲಂತ, ಮತ್ತೆ ದ, ಏಕಾರ, ಬ, ಇಕಾರದ ಗುಡಿಸು, ಹ, ದೀರ್ಘ, ಳ. ಹನ್ನೊಂದು ಸಂಕೇತ, 33 ಬೈಟ್. 32ಕ್ಕೆ ಕತ್ತರಿಸಿದಾಗ ಳ ಕಾರದ ಮೂರನೇ ಬೈಟ್ ಹೊರಗೆ ಉಳಿಯಿತು. ವಿಜಯಪುರ 21, ಜಮಖಂಡಿ 18, ಅವು ಆರಾಮಾಗಿ ಕೂರುತ್ತವೆ. ಎಷ್ಟು ಅಕ್ಷರ ಕಾಣುತ್ತದೆ ಅನ್ನುವುದಕ್ಕೂ ರೈಟಿಗೂ ಸಂಬಂಧವೇ ಇಲ್ಲ, ಅದಕ್ಕೆ ಬೈಟ್ ಬಿಟ್ಟು ಬೇರೆ ಗೊತ್ತಿಲ್ಲ. 96 ಮಾಡಿ, ಕೊನೆಯ ಸೊನ್ನೆಗೂ ಜಾಗ ಇಡಿ.

ಮಚ್ಛೆ_ಬಸ್_ಸ್ಟಾಪ್
4096 ಕೂಡ 3ರಿಂದ ಭಾಗ ಆಗಲ್ಲ, 1 ಉಳಿಯುತ್ತದೆ. ಅಂದರೆ ದೊಡ್ಡ ಕನ್ನಡ ಫೈಲನ್ನು 4096ರಂತೆ ರೀಡ್ ಮಾಡಿದರೆ ತುದಿಯಲ್ಲಿ ಅಕ್ಷರ ತುಂಡಾಗಬಹುದು ಅಲ್ವಾ?

ಗೋಕಾಕ_ಕರದಂಟು
ಆಗಿಯೇ ಆಗುತ್ತದೆ ಒಂದಲ್ಲ ಒಂದು ಕಡೆ. ತುಂಡನ್ನು ಇಟ್ಟುಕೊಂಡು ಮುಂದಿನ ರೀಡಿಗೆ ಸೇರಿಸಬೇಕು.

ಕಬ್ಬಿನ_ಗಾಡಿ
ಊರು ಸರಿಹೋಯಿತು. ಕೊನೆಯ ಪ್ರಶ್ನೆ. ಎರಡನೇ ವೇ ಬ್ರಿಜ್ ಹಾಕುತ್ತಿದ್ದಾರೆ. ಎರಡೂ ಒಂದೇ ಫೈಲಿಗೆ ಬರೆಯಲಿ ಅನ್ನುತ್ತಾರೆ. ಓ_ಅಪೆಂಡ್ ಇದೆಯಲ್ಲ, ಒಂದರ ಮೇಲೆ ಒಂದು ಬರೆಯಲ್ಲ ಅಲ್ವಾ?

ಇಳಕಲ್_ಸೆರಗು
ಒಂದೇ ಬೋರ್ಡಿನ ಎರಡು ಪ್ರೋಸೆಸ್ ಆದರೆ ತೊಂದರೆ ಇಲ್ಲ. ಓ_ಅಪೆಂಡಿನಲ್ಲಿ ತುದಿಗೆ ಹೋಗುವುದು ಮತ್ತು ಬರೆಯುವುದು ಒಂದೇ ಏಟಿಗೆ ಆಗುತ್ತದೆ. ಎಲ್‌ಸೀಕ್ ಮಾಡಿ ತುದಿಗೆ ಹೋಗಿ ಆಮೇಲೆ ರೈಟ್ ಮಾಡಿದರೆ ಮಾತ್ರ ನಡುವೆ ಇನ್ನೊಬ್ಬರು ನುಗ್ಗುತ್ತಾರೆ. ಎರಡು ಬೋರ್ಡ್ ಇಟ್ಟು ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್‌ಸಿಸ್ಟಂ) ಮೇಲೆ ಹಂಚಿಕೊಂಡರೆ ಈ ಭರವಸೆ ಇಲ್ಲ, ಸಾಲು ಸಾಲಿನ ಮೇಲೆ ಬೀಳಬಹುದು.

ಕಬ್ಬಿನ_ಗಾಡಿ
ಎರಡು ಬೋರ್ಡ್, ಎರಡು ಗೇಟ್. ಹಾಗಾದರೆ ಬೇರೆ ಬೇರೆ ಫೈಲ್ ಇಟ್ಟು ರಾತ್ರಿ ಹೊತ್ತಿನ ಪ್ರಕಾರ ಸಾರ್ಟ್ ಮಾಡಿ ಒಂದು ಮಾಡುತ್ತೇನೆ.

ಕೃಷ್ಣಾ_ತೀರ
ಬೋರ್ಡಿನಲ್ಲಿ ಗಡಿಯಾರದ ಬ್ಯಾಟರಿ ಇದೆಯಾ? ಇಂಥ ಪುಟ್ಟ ಬೋರ್ಡ್‌ಗಳಲ್ಲಿ ಎಷ್ಟೋ ಸಲ ಇರಲ್ಲ. ಕರೆಂಟ್ ಹೋಗಿ ಬಂದರೆ ಹಳೇ ಹೊತ್ತಿನಿಂದಲೇ ಎಣಿಸಲು ಶುರು ಮಾಡುತ್ತದೆ.

ಕಬ್ಬಿನ_ಗಾಡಿ
ತಡೀರಿ, ಬಿಚ್ಚಿ ನೋಡಿ ಬರುತ್ತೇನೆ.

ಕಬ್ಬಿನ_ಗಾಡಿ
ಇಲ್ಲ.

ಟರ್ಬೊ_ಕಾಕಾ
ನಾನು ಮೊದಲೇ ಬ್ಯಾಟರಿ ಹಾಕಿ ಅಂದಿದ್ದೆ.